ಹರಕಿಗೆ ಬಿಟ್ಟ ಹಾಲು

ಕುಕನೂರು
ತಾ. ೧೪-೧೧-೧೯೪೧

ಚಿ. ಸೌ. ತಂಗಿ ಗುರುಲಿಂಗಮ್ಮಗೆ ನಿನ್ನ ಅಣ್ಣ ಗವಿಸಿದ್ದಪ್ಪನ ಆಶೀರ್ವಾದ.

ಈಶಪ್ಪ ಭಾವನ ಕೆಮ್ಮು ಕಡಿಮಿ ಆತೇನು? ಅಳಿಯ ಉಮಾಪತಿ ಹೆಂಗದಾನ? ಮೊಮ್ಮಗಳು ವಿರೂಪಾಕ್ಷಮ್ಮನ ಕಿವಿ ಸೋರೂದು ನಿಂತಿತೇನು? ಸಣ್ಣಾಂವ ಇನ್ನೂ ಗ್ವಾಡಿ ಹಿಡಕೊಂಡೇ ನಿಲ್ತಾನೋ, ಹೆಜ್ಜಿ ಇಟ್ಟನೋ? ನಿನ್ನ ಸೊಸಿ, ನನ್ನ ಮಗಳು ಕಳಕಮ್ಮನ ಕೈ ಹೆಂಗೈತಿ? ಬೆರಳು ಬಾತಿದ್ದರ ಕಟ್ಟಿದ ದಾರ ಒಂದು ಎಳಿ ಸಡಲ ಮಾಡು, ಬಿದಿರಿನ ದಬ್ಬಿ ಮಾತ್ರ ಬಿಚ್ಚಬ್ಯಾಡ. ನೀ ಹೆಂಗದಿ, ಅದನ್ನೂ ಬರಿ.

ತಾವರಗೇರಾದಿಂದ ಬಂದು ಹದಿನೆಂಟು ದಿನ ಆತು. ಮುಟ್ಟಿದ ದಿನವೇ ಕಾಗದ ಹಾಕುವ ರೂಢಿ ನನ್ನದು, ಈ ಸಲ ತಡ ಆತು, ಸಿಟ್ಟಾಗಬ್ಯಾಡ. ಎರಡು ಸಲ ಬರೆದು ಎರಡನ್ನೂ ಒಲಿಗೆ ಹಾಕಿದೆ. ಅಣ್ಣ ತಂಗಿಗೆ ಬರೆಯಬಾರದ ಮಾತು ಅದರಾಗ ಇದ್ದವು. ಇದು ಮೂರನೆಯದು. ಇದನ್ನು ನೀನೇ ಓದು, ಯಾರ ಕೈಯಾಗೂ ಓದಿಸಬ್ಯಾಡ. ಸಾಲಿಗೆ ಹೋಗದ ನಾನು ಮಠದ ಹುಡುಗರನ್ನು ಕಾಡಿಬೇಡಿ ನಾಕು ಅಕ್ಷರ ಕಲಿತು, ಒಲಿ ಬೂದಿಯೊಳಗ ನಿನಗ ತಿದ್ದಿಸಿದ್ದು ಇಂಥಾ ದಿನಕ್ಕೇ ಇರಬೇಕು. ಭಾವಗೂ ಉಮಾಪತಿಗೂ ಉರ್ದು ಬರ್ತೈತಿ, ಕನ್ನಡ ಅಷ್ಟಕ್ಕಷ್ಟ. ಅದೂ ಛಲೋನ ಆತು.

ಗುರುಲಿಂಗೂ, ನಲವತ್ತು ವರ್ಷದಿಂದ ಎಲುಬು ಕಟ್ಟಾಕತ್ತೀನಿ. ಮರದಿಂದ ಬಿದ್ದವರು, ಎತ್ತು ಹಾದವರು, ಬಾವಿ ಕಟ್ಟೆಯಿಂದ ಜಾರಿದವರು, ಎಲ್ಲಾರನ್ನೂ ಮುಟ್ಟೀನಿ. ಕಳಕಮ್ಮನ ಕೈ ಮುರಿದೈತಿ ಅಂತ ನೀನು ಹೇಳಿ ಕಳಿಸಿದಾಗ ಆಕಿನೂ ಹಿಂಗ ಎಲ್ಲ್ಯೋ ಬಿದ್ದಿರಬೇಕು ಅಂದುಕೊಂಡು ಬಂದೆ. ಬಿದ್ದಿರಲಿಲ್ಲ. ಜ್ವಾಳ ಬೀಸುತ್ತ ಕುಂತಿದ್ದಳಂತ, ಬೀಸುಕಲ್ಲು ತಿರುವೂವಾಗ ಮುಂಗೈ ಎಲುಬು ಮುರೀತಂತ. ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳದು. ಉದ್ದಿನ ಹಿಟ್ಟಿನ ಪಟ್ಟು ಹಾಕಿ ಕಟ್ಟುವಾಗ ಆ ಎಲುಬು ನನ್ನ ಬೆರಳಿನಾಗ ಹಸಿ ದಂಟಿನಂಗ ಆಡಿತು. ಸಂಶಯ ಬಂದು ಮೊಣಕಾಲ ಕೆಳಗ ಹೆಬ್ಬೆರಳಿಲೆ ಮೆಲ್ಲಗೆ ಒತ್ತಿದೆ. ಆಕಿ ಕಿರಚಲಿಲ್ಲ, ತುಟಿ ಕಚ್ಚಿದಳು, ಕಣ್ಣಾಗ ನೀರು ಬಂತು. ಏಳುವಾಗ ಎರಡೂ ತೊಡಿ ಮ್ಯಾಲೆ ಕೈ ಊರಿ ಎದ್ದಳು. ನಡಿಯೂದು ನೋಡಿದೆ, ಆ ಕಡೆ ಈ ಕಡೆ ವಾಲಿಕೊಂತ. ಎಪ್ಪತ್ತು ವರ್ಷದ ಮುದುಕಿಯರು ಹಂಗ ನಡೀತಾರ.

ಯಾಕ ಹಿಂಗ ಅಂತ ನಾ ಕೇಳಬೇಕಾಗಲಿಲ್ಲ. ಊಟಕ್ಕ ಕುಂತಾಗ ಭಾವನೇ ಹೇಳಿದ. ಎದುರಮನಿಯವರೂ ಪಂಕ್ತಿಯೊಳಗ ಇದ್ದರು, ಅವರಿಗೆ ಕೇಳೂವಂಗ ಹೇಳಿದ: "ನಮ್ಮ ಸೊಸಿ ಮೂರು ವರ್ಷ ಆತು ನೋಡ್ರಿ, ಮಜ್ಜಿಗಿ ಹನಿ ಸೈತ ಮುಟ್ಟಿಲ್ಲ. ಇಂಥಾಕಿ ಯಾರ ಮನಿಯಾಗ ಅದಾಳ ತೋರಿಸ್ರಿ." ಉಮಾಪತಿಗೆ ವಿಷಮಜ್ವರ ಬಂದು ನಲವತ್ತು ದಿನ ಮಲಗಿದಾಗ, ಮನಿದೇವರ ಮುಂದ ಆಕಿನ್ನ ಕೂಡಿಸಿ, ಹಾಲು, ಮೊಸರು, ಮಜ್ಜಿಗಿ, ತುಪ್ಪ ಸಾಯೂತನಕ ಬಿಟ್ಟೆ ಅಂತ ಹರಕಿ ಹೊರಿಸಿದ್ದೀರಂತ. ಆಕಿ ಹೊಟ್ಟಿಯಾಗ ಆವಾಗ ಸಣ್ಣಾಂವ ಇನ್ನೂ ಮೂಡಿರಲಿಲ್ಲ. ಹಡೆದಳು, ಎದಿಹಾಲು ಕುಡಿಸಿದಳು, ಈಗ ಮತ್ತ ಐದು ತಿಂಗಳು. ಆ ಹಾಲೆಲ್ಲಾ ಎಲ್ಲಿಂದ ಬಂತು ಅಂತ ತಿಳಿದೀರಿ? ಎಲುಬಿನಿಂದ ಬಂತು.

ಭಾವ ಹಂಗ ಹೊಗಳೂವಾಗ ಅಳಿಯ ಮೀಸಿಗೆ ಹತ್ತಿದ ಮೊಸರು ಒರಸಿಕೊಂಡು, "ಇನ್ನೊಂದು ಸೌಟು ಹಾಕು" ಅಂದ. ಕಟ್ಟಿದ ಕೈ ಎದಿಗೆ ಒತ್ತಿ ಹಿಡಿದು ಇನ್ನೊಂದು ಕೈಲೆ ಆಕಿ ಹಾಕಿದಳು. ಎಲ್ಲಾರದೂ ಆದ ಮ್ಯಾಲೆ ಗಡಿಗಿಯೊಳಗ ಉಳಿದ ಹಾಲು ಎಲ್ಲಿ ಹೋತು ಅಂತಲೂ ನೋಡಿದೆ. ಬೆಕ್ಕಿಗೆ ಹಾಕಿದಿ. ಮೂರು ಎಮ್ಮಿ ಹಿಂಡೂ ಮನಿಯಾಗ ನನ್ನ ಮಗಳು ಖಾರದ ನೀರಿನಾಗ ರೊಟ್ಟಿ ಅದ್ದಿ ತಿಂದಳು. ನನಗ ಹೇಸಿಗಿ ಬಂತು, ತಂಗೀ. ಆ ಮೊಸರಿನ ಮ್ಯಾಲೆ, ಆ ಮೀಸಿ ಮ್ಯಾಲೆ, ಆ ಹೊಗಳಿಕಿ ಮ್ಯಾಲೆ ಹೇಸಿಗಿ. ನನ್ನ ತಾಟಿನಾಗಿನ ಮೊಸರನ್ನ ನಾನೂ ಉಂಡೆ, ಬೀಗರ ಮನಿ ಮರ್ಯಾದಿ ಅಂತ. ಅದು ಇವತ್ತಿಗೂ ಗಂಟಲದಾಗ ಹುಳಿ ಹುಳಿ ಬರ್ತೈತಿ.

ಮರುದಿನ ಮುಂಜಾನೆ ನಿಮ್ಮೂರ ಸೂಲಗಿತ್ತಿ ಜೋಹರಾಬಿಯನ್ನು ಕರೆಸಿದ್ದು ನಾನೇ. ನೀನು ಮುಖ ಗಂಟು ಹಾಕಿದಿ, ಆದರೂ ಒಳಗ ಬಿಟ್ಟಿ. ಆಕಿ ಕಳಕಮ್ಮನ ಸೊಂಟ ಹಿಡಿದು ನೋಡಿ, ಹೊರಗ ಬಂದು ಎಮ್ಮಿ ಗ್ವಾದಲಿ ಹತ್ತಿರ ನನಗ ಹೇಳಿದ್ದನ್ನ ನಿನಗ ಇನ್ನೂ ಹೇಳಿಲ್ಲ. ಕೇಳು.

"ಅಣ್ಣಾರ, ಎರಡು ಸಲ ಈಕಿ ಹೆರಿಗಿ ನಾನೇ ಮಾಡಿಸೀನಿ. ಆ ಸೊಂಟ ಅಲ್ಲ ಇದು. ಎರಡೂ ಕಡಿಂದ ಒತ್ತಿಕೊಂಡೈತಿ. ಹಿಂಗ ಬಿಟ್ಟರ ಕೂಸು ಹೊರಗ ಬರೂ ದಾರಿ ಉಳಿಯಂಗಿಲ್ಲ."

ನಮ್ಮ ಮಂದಿಯೊಳಗ, ಗೋಷಾದಾಗ ಬಿಸಲು ಕಾಣದ ಹೆಣ್ಣುಮಕ್ಕಳದಾಗ ಇಂಥಾ ಸೊಂಟ ಎರಡು ನೋಡೀನಿ, ಇಬ್ಬರೂ ಉಳಿಲಿಲ್ಲ ಅಂದಳು. ನಿಮ್ಮ ಮನಿಯಾಗ ಬಿಸಲೂ ಐತಿ, ಎಮ್ಮಿನೂ ಅದಾವ, ಮತ್ತ ಇದಕ್ಕೇನು ಬಂತು ರೋಗ ಅಂತ ನನ್ನನ್ನೇ ಕೇಳಿದಳು. ಹರಕಿ ಸಂಗತಿ ಹೇಳಿದೆ. ಆಕಿ "ಅಳಿಯಂದಿರು ಮಾತ್ರ ಹೋರಿಯಂಗ ಅದಾರ" ಅಂದು ಸೆರಗಿನಾಗ ಕೈ ಒರಸಿಕೊಂಡು ಹೋದಳು.

ನಾನು ಒಳಗ ಬಂದು ಬರೇ "ಆಕಿಗೆ ಇವತ್ತಿನಿಂದ ಹಾಲು ಕೊಡು" ಅಂದೆ. ನೀನು ಅಂದ ಮಾತು ನೆನಪೈತೇನು? "ಅಣ್ಣಾ, ದೇವರಿಗೆ ಕೊಟ್ಟದ್ದನ್ನ ನಾವು ತಿರುಗಿ ಇಸಗೊಂಡರ, ಅಂವ ಕೊಟ್ಟದ್ದನ್ನ ಅಂವನೂ ತಿರುಗಿ ಇಸಗೊಂತಾನ. ನನಗಿರೂದು ಒಬ್ಬಾವ ಮಗ." ಕಳಕಮ್ಮನ ಮುಖ ನೋಡಿದೆ. ಆಕಿನೂ ತಲಿ ತಗ್ಗಿಸಿ, ನನ್ನ ಸೊಂಟದ ಸಲುವಾಗಿ ಅವರ ಜೀವ ಒಡ್ಡಲೇನಪ್ಪಾ ಅಂದಳು. ಅದಕ್ಕೇ ಉಣ್ಣದ ಎದ್ದು ಬಂದೆ. ಬಸ್ಸಿನ ಹೊತ್ತಾತು ಅಂದದ್ದು ಸುಳ್ಳು.

ಈಗ ನಾ ಏನು ಮಾಡೀನಿ ಕೇಳು. ಇಲ್ಲಿ ಮಠದ ಅಯ್ಯನವರ ಹತ್ತಿರ ಹೋಗಿ ಎಲ್ಲಾ ಹೇಳಿದೆ. ರಕ್ತಸಂಬಂಧದವರು ಯಾರಾದರೂ ಹರಕಿ ತಮ್ಮ ಮ್ಯಾಲೆ ತಗೋಬಹುದು, ದೇವರಿಗೆ ಬಾಕಿ ಉಳಿಯಂಗಿಲ್ಲ ಅಂದರು. ಅವರ ಮುಂದನ ನೀರು ಬಿಟ್ಟು ಕಳಕಮ್ಮನ ಹರಕಿ ನನ್ನ ಮ್ಯಾಲೆ ತಗೊಂಡೆ. ಹೋದ ಸೋಮವಾರದಿಂದ ನಾನು ಹಾಲು ಮಜ್ಜಿಗಿ ಮುಟ್ಟಿಲ್ಲ. ನಿನ್ನ ಮಗನ ಜೀವಕ್ಕ ಏನೂ ಧಕ್ಕಿ ಇಲ್ಲ. ಅಯ್ಯನವರ ಕೈಬರಹದ ಚೀಟಿ ಇದರ ಜೋಡಿ ಇಟ್ಟೀನಿ, ಭಾವಗ ತೋರಿಸು.

ಈ ಕಾಗದ ಮುಟ್ಟಿದ ದಿನದಿಂದ ಮುಂಜಾನೆ ಸಂಜಿ ಆಕಿಗೆ ಚರಿಗಿ ತುಂಬ ಹಾಲು, ಮಧ್ಯಾಹ್ನ ಕೆನಿ ತಗೀದ ಮೊಸರು. ಹುರಿದ ಎಳ್ಳು ಬೆಲ್ಲ ಕುಟ್ಟಿ ದಿನಾ ಒಂದು ಉಂಡಿ. ಊಟ ಆದ ಮ್ಯಾಲೆ ಸುಣ್ಣ ಹಚ್ಚಿದ ಎಲಿ. ಅಂಗಳದಾಗ ಎಳೆಬಿಸಲಿಗೆ ಬೆನ್ನು ಕಾಲು ಕಾಯಿಸಲಿ. ಕೊಡ ಹೊರೂದು, ಬೀಸೂದು ಬ್ಯಾಡ. ಆದದ್ದು ಪೂರಾ ಸರಿ ಆಗಲಿಕ್ಕಿಲ್ಲ, ಇನ್ನಷ್ಟು ಒತ್ತದಂಗ ತಡೀಬಹುದು ಅಂತ ಜೋಹರಾಬಿ ಅಂದಾಳ. ನಾಕು ತಿಂಗಳು ಅದಾವ, ಅಷ್ಟ.

ನಿನ್ನಿಂದ ಆಗಲಿಲ್ಲ ಅಂದರ ಆಕಿನ್ನ ನನ್ನ ಹತ್ತಿರ ಕಳಿಸು. ತವರಿನಾಗ ತಾಯಿ ಇಲ್ಲ ಅಂತ ಎರಡು ಬಾಣಂತನ ನೀನೇ ಮಾಡಿದಿ, ಆ ಉಪಕಾರ ಮರೆತಿಲ್ಲ. ಈ ಸಲ ನಾನೇ ರೊಟ್ಟಿ ಬಡೀತೀನಿ. ಎರಡೂ ಆಗಲಿಲ್ಲ ಅಂದರ ತಿಂಗಳ ಕಡಿಗೆ ಚಕ್ಕಡಿ ಹೂಡಿಕೊಂಡು ಬರ್ತೀನಿ. ಬೀಗತನ ಉಳಿದರ ಉಳೀಲಿ, ಹೋದರ ಹೋಗಲಿ.

ಮಕ್ಕಳಿಗೆ ನನ್ನ ಮುತ್ತು. ಎಲ್ಲಾರಿಗೂ ದೇವರು ಗಟ್ಟಿ ಮೈ ಕೊಡಲಿ.

ನಿನ್ನ ಅಣ್ಣ
ಗವಿಸಿದ್ದಪ್ಪ

ತಾಜಾಕಲಂ: ಒಂದು ಮಾತು ಮುಚ್ಚಿಟ್ಟು ಸಹಿ ಹಾಕಿ ಮಡಚಿದ್ದೆ, ಮನಸ್ಸು ತಡೀಲಿಲ್ಲ, ಮತ್ತ ಬಿಚ್ಚೀನಿ. ಅಯ್ಯನವರ ಹತ್ತಿರ ಹೋಗೂಕಿಂತ ಮೊದಲು ಇರಕಲ್ಲಗಡಕ್ಕ ಮುದುಕವ್ವ ಚಿಕ್ಕವ್ವನ್ನ ಕಂಡು ಬಂದೆ, ನಮ್ಮ ಮನಿತನದಾಗ ಇಂಥಾ ಹರಕಿ ಎಲ್ಲಿಂದ ಬಂತು ಅಂತ ಕೇಳಾಕ. ಆಕಿಗೆ ನಗು ಬಂತು. ನಿನಗ ಯಾರೂ ಹೇಳಿಲ್ಲೇನು ಅಂದಳು. ಪ್ಲೇಗಿನ ವರ್ಷ ನಾನು ತೊಡಿಸಂದಿಯಾಗ ಗಂಟು ಎದ್ದು ಹೊಲದ ಗುಡಿಸಲದಾಗ ಬಿದ್ದಿದ್ದೆನಲ್ಲ, ಆವಾಗ ಹದಿನಾಲ್ಕು ವರ್ಷದ ನೀನು ಅಣ್ಣ ಉಳೀಲಿ ಅಂತ ಹಾಲು ಬಿಟ್ಟಿ ಅಂತ. ಅಂವಗ ಗೊತ್ತಾದರ ಬ್ಯಾಡ ಅಂತಾನ, ಹೇಳಬ್ಯಾಡ್ರಿ ಅಂದಿ ಅಂತ. ನಲವತ್ತು ವರ್ಷ ಆತು. ಪಂಚಮಿಗೆ ಬಂದಾಗೆಲ್ಲಾ ನನಗ ಮೊಸರು ಸೇರಂಗಿಲ್ಲ ಅಂತಿದ್ದಿ, ನಿನ್ನ ಪಾಲಿಂದೂ ನಾನೇ ಉಣ್ಣುತ್ತಿದ್ದೆ. ಊರ ಮಂದಿ ಎಲುಬು ಮುಟ್ಟಿ ನೋಡಾಂವ, ನಿನ್ನ ಬೆನ್ನು ಬಾಗಿದ್ದನ್ನ ಕಂಡು ವಯಸ್ಸಾತು ಅಂದುಕೊಂಡೆ. ಮ್ಯಾಲೆ ಭಾವನ ಹೊಗಳಿಕಿ, ಅಳಿಯನ ಮೀಸಿ ಅಂತ ಬರೆದೀನಿ. ಹೇಸಿಗಿ ಬರಬೇಕಾದ್ದು ನನ್ನ ಮೀಸಿ ಮ್ಯಾಲೆ.

ನಾನು ಬದುಕಿದ್ದಕ್ಕೇ ನೀನು ಅದನ್ನ ನಂಬಿದಿ, ಅದಕ್ಕೇ ನನ್ನ ಮಗಳಿಗೂ ಹಾಕಿದಿ. ವೈರದಿಂದ ಅಲ್ಲ, ಅದು ಈಗ ತಿಳೀತು. ಅಯ್ಯನವರ ಮುಂದ ನಾನು ನೀರು ಬಿಟ್ಟದ್ದು ಒಂದು ಸಲ ಅಲ್ಲ, ಎರಡು ಸಲ. ಎರಡನೆಯದು ನಿನ್ನದು. ನಿನ್ನ ಪಾಲಿನ ಹಾಲು ಕುಡಿದ ಎಲುಬು ನನ್ನವು, ನನಗ ಅರವತ್ತನಾಲ್ಕು ಆತು, ಇನ್ನು ಸ್ವಲ್ಪ ವರ್ಷ ಹೆಂಗೋ ತಡೀತಾವ. ಕಳಕಮ್ಮನ ಜೋಡಿ ನೀನೂ ಕುಂತು ಕುಡಿ. ಮೊದಲ ದಿನ ವಾಸನಿ ಹೊಡದು ವಾಕರಿಕಿ ಬಂದೀತು, ಉಗುಳಬ್ಯಾಡ, ನುಂಗು. ನುಂಗಿದ ದಿನ ಯಾವುದು ಅಂತ ನಿನ್ನ ಕೈಲೇ ಎರಡು ಸಾಲು ಬರೆದು ಟಪಾಲಿಗೆ ಹಾಕು. ಲಗೂನ ಹಾಕು, ನಾನು ದಿನಾ ಟಪಾಲಿನವನ ದಾರಿ ನೋಡ್ತಿರ್ತೀನಿ.