ಅಪ್ಪನಿಗೆ ಉಳಿದ ಘೋಷಣೆ

ಜೂನ್ 3, ಬೆಳಿಗ್ಗೆ

ಮತ್ತೆ ಶುರು. ಹಲ್ಲುಜ್ಜಿ ಬರುವಷ್ಟರಲ್ಲಿ ಟಿವಿ ಗಂಟಲು ಹರಿದುಕೊಳ್ಳುತ್ತಿತ್ತು. ಅದಕ್ಕಿಂತ ಜೋರಾಗಿ ಅಪ್ಪ. ಆರೋಗ್ಯ ಕಾಯ್ದೆ ಪಾಸಾಯಿತಂತೆ. ಸರ್ಕಾರಿ ಆಸ್ಪತ್ರೆಗಳ ವಿಭಾಗಗಳನ್ನು ಒಂದೊಂದಾಗಿ ಖಾಸಗಿ ಕಂಪನಿಗೆ ಗುತ್ತಿಗೆ ಕೊಡುತ್ತಾರೆ. ಮೊದಲನೇ ಸರದಿಯಲ್ಲೇ ನಮ್ಮ ವಾರ್ಡು — ಫಿಜಿಯೋಥೆರಪಿ, ಮತ್ತೆ ನನ್ನ ಸ್ಪೀಚ್ ಥೆರಪಿ. ಮಾತು ಕಳೆದುಕೊಂಡವರಿಗೆ ಮಾತು ಕಲಿಸುವುದು ನನ್ನ ಕೆಲಸ. ಅಪ್ಪನಿಗೆ ಮಾತ್ರ ಸುಮ್ಮನಿರುವುದನ್ನು ಕಲಿಸಲಾಗಿಲ್ಲ.

"ಬಂತು ನೋಡು ಒಳ್ಳೇ ಕಾಲ!" ಅಂದರು, ನನಗೆ ಕೇಳಲಿ ಅಂತಲೇ.

"ಯಾರಿಗೆ ಒಳ್ಳೇ ಕಾಲ? ಕಂಪನಿಗಾ?"

"ರೋಗಿಗೆ ಕಣೇ. ನಿಮ್ಮ ಆಸ್ಪತ್ರೇಲಿ ಕೌಂಟರ್ ಹಿಂದೆ ಕೂತೋರು ತಲೆ ಎತ್ತಿ ನೋಡ್ಬೇಕಾದ್ರೆ ಕೈಕಾಲು ಹಿಡೀಬೇಕು."

"ನೀವು ಜೀವಮಾನವೆಲ್ಲ ಕರೆಂಟ್ ಕಂಬ ಹತ್ತಿದ್ದು ಸರ್ಕಾರಕ್ಕೇ ಅಲ್ವಾ? ಪೆನ್ಷನ್ ಯಾವ ಕಂಪನಿ ಕೊಡ್ತಿದೆ ಹೇಳಿ."

"ನಾನು ಹತ್ತಿದ್ದೆ ಕಣೇ, ಹತ್ತಿದ್ದೆ! ಕೆಳಗೆ ನಿಂತು ಕಂಬ ಲೆಕ್ಕ ಹಾಕ್ಲಿಲ್ಲ."

ಅಮ್ಮ ರಿಮೋಟ್ ತೆಗೆದುಕೊಂಡು ಹೋಗಿ ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಳು. ಅಪ್ಪ, ನಾನು ಇಬ್ಬರೂ ಸೇರಿ ಹುಡುಕಿದೆವು. ಹುಡುಕುತ್ತಲೂ ಜಗಳ.

ನಿಜ ಹೇಳಬೇಕೆಂದರೆ ಈ ಜಗಳ ನನಗೆ ಇಷ್ಟ. ಅಪ್ಪ ಮನೆಯಲ್ಲಿಲ್ಲದ ದಿನ ಬೆಳಗಿನ ಚಹಾ ಸಪ್ಪೆ. ಇದನ್ನು ಯಾರಿಗೂ ಹೇಳುವುದಿಲ್ಲ.

ಜೂನ್ 7

ಕಾಯ್ದೆ ವಿರುದ್ಧ ಇಡೀ ದಿನ ಆಸ್ಪತ್ರೆ ಗೇಟಿನಲ್ಲಿ ಧರಣಿ. ನಮ್ಮ ಯೂನಿಯನ್ ಕಾರ್ಯದರ್ಶಿಗೆ ಎಲ್ಲರೂ ಇಟ್ಟ ಹೆಸರು ಮೈಕ್ ಮೇಡಂ — ಮೈಕೇ ಬೇಡ, ಆ ಗಂಟಲಿಗೆ. ನನ್ನ ಕೈಗೊಂದು ಫಲಕ ಕೊಟ್ಟು ಮುಂದಿನ ಸಾಲಿಗೆ ದಬ್ಬಿದರು. ಫೋಟೋದಲ್ಲಿ ಬಂದೆ.

ಸಂಜೆ ಮಹಡಿಯಿಂದ ಅಣ್ಣ ಇಳಿದು ಬಂದ. ಕಾಯ್ದೆ ತಂದದ್ದು ಅಪ್ಪನ ಪಕ್ಷ, ಅದರಲ್ಲಿ ಅವನೀಗ ಏರಿಯಾ ಕಾರ್ಯದರ್ಶಿ. ಮುಖ ಗಂಟಿಕ್ಕಿಕೊಂಡೇ ಬಂದ.

"ನಾನು ಬೀದೀಲಿ ತಲೆ ಎತ್ಕೊಂಡು ಓಡಾಡ್ಬೇಕೋ ಬೇಡ್ವೋ? ನನ್ನ ತಂಗೀನೇ ಗೇಟ್ ಮುಂದೆ ನಿಂತಿದ್ದಾಳೆ ಅಂತ ಎಲ್ಲರೂ ಆಡ್ಕೋತಿದ್ದಾರೆ."

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಕೂಗ್ಲಿ ಬಿಡೋ. ನನ್ನ ಮುಂದೆ ಕೂಗಿ ಕೂಗಿ ಚೆನ್ನಾಗಿ ಪ್ರಾಕ್ಟೀಸ್ ಆಗಿದೆ. ಹೇಳೋದೆಲ್ಲ ತಪ್ಪು, ಗಂಟಲು ಮಾತ್ರ ನಂದೇ" ಅಂದರು.

ಅಣ್ಣ ದುರುಗುಟ್ಟಿಕೊಂಡು ಹೋದ. ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡು ನಕ್ಕೆವು.

ಜೂನ್ 10

ಅಪ್ಪನಿಗೆ ಸ್ಟ್ರೋಕ್.

ನಿನ್ನೆ ಬೆಳಿಗ್ಗೆ. ಜಗಳದ ನಡುವೆ. "ನೀನು ಹೇಳೋದೇ ಪೂರ್ತಿ—" ಅಂದರು. ಅಷ್ಟೇ. ಬಾಯಿ ಒಂದು ಕಡೆಗೆ ವಾಲಿತು. ದಿನಾ ಇಂಥವರನ್ನೇ ನೋಡುವವಳು ನಾನು, ನೋಡಿದ ತಕ್ಷಣ ಗೊತ್ತಾಯಿತು. ಗೊತ್ತಾಗಿಯೂ ಕೈಕಾಲು ಆಡಲಿಲ್ಲ. ಅಮ್ಮ ಕಿರುಚಿದ ಮೇಲೆ ಎಚ್ಚರ.

ನಮ್ಮ ಆಸ್ಪತ್ರೆಗೇ ಸೇರಿಸಿದೆ. ಐಸಿಯುನಲ್ಲಿದ್ದಾರೆ. ಬರೆಯಲು ಆಗುತ್ತಿಲ್ಲ...

ಜೂನ್ 22

ಜೀವ ಉಳಿಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ಹೋಗಿದೆ.

ನಾವು ಹೇಳಿದ್ದು ಅರ್ಥವಾಗುತ್ತದೆ. ಹೇಳಬೇಕಾದದ್ದು ತಲೆಯಲ್ಲಿದೆ. ಬಾಯಿಗೆ ಬರುವುದಿಲ್ಲ. ಬಾಯಿ ತೆರೆದರೆ "ತ... ತ..." ಆಮೇಲೆ ಸಿಟ್ಟು. ಎಡಗೈಯಲ್ಲಿ ಮಂಚ ಗುದ್ದುತ್ತಾರೆ. ಇಂಥವರ ಮನೆಯವರಿಗೆ ಎಷ್ಟು ಸಲ ಹೇಳಿಲ್ಲ ನಾನು, ತಾಳ್ಮೆ ಇರಲಿ, ನಿಧಾನಕ್ಕೆ ಬರುತ್ತೆ ಅಂತ! ಎಷ್ಟು ಸಲೀಸಾಗಿ ಹೇಳಿದ್ದೆ.

ಇವತ್ತು ನನ್ನದೇ ವಾರ್ಡಿಗೆ ತಂದರು. ಮುಂದಿನ ಚಿಕಿತ್ಸೆ ನನ್ನ ಕೈಯಲ್ಲಿ.

ಅಣ್ಣ ಲಿಫ್ಟ್ ಹತ್ತಿರ ಹಿಡಿದು ನಿಲ್ಲಿಸಿದ. "ನಿನ್ನ ಬಾಯಿಂದಲೇ ಆಗಿದ್ದು ಇದು. ಇನ್ಮೇಲಾದ್ರೂ ಬಾಯಿ ಮುಚ್ಕೊಂಡಿರು."

ಡಾಕ್ಟರ್ ಹೇಳಿದ್ದು ಬಿಪಿ ಅಂತ. ಅಪ್ಪ ಮಾತ್ರೆಗಳನ್ನು ಮನಸ್ಸು ಬಂದಾಗ ನುಂಗುತ್ತಿದ್ದರು. ಎಲ್ಲ ಗೊತ್ತು. ಆದರೂ ಅಣ್ಣನ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ಜೂನ್ 26, ಮಧ್ಯಾಹ್ನ

ಊಟ ಬಿಟ್ಟು ಬರೆಯುತ್ತಿದ್ದೇನೆ. ಇನ್ನೂ ನಂಬಲಾಗುತ್ತಿಲ್ಲ.

ಕಾಯ್ದೆ ಪಾಸಾದದ್ದಕ್ಕೆ ಅಪ್ಪನ ಪಕ್ಷದವರ ಮೆರವಣಿಗೆ, ಆಸ್ಪತ್ರೆ ಮುಂದಿನ ರಸ್ತೆಯಲ್ಲೇ. ರೋಗಿಗಳಿದ್ದಾರೆ ಅನ್ನುವ ಪರಿವೆಯೂ ಇಲ್ಲ. ಬೈದುಕೊಳ್ಳುತ್ತ ಕಿಟಕಿ ಮುಚ್ಚಲು ಎದ್ದೆ. ಕೆಳಗೆ ಯಾವನೋ ಕೂಗಿದ — "ಯಾರ ಸರ್ಕಾರ?"

ಬೆನ್ನ ಹಿಂದೆ, ಮಂಚದಿಂದ — "ನಮ್ಮ ಸರ್ಕಾರ!"

ಅಪ್ಪನ ದನಿ. ಒಂದಕ್ಷರ ತೊದಲಿಲ್ಲ. ನರ್ಸ್ ಸಿರಿಂಜ್ ಹಿಡಿದು ಹಾಗೇ ನಿಂತುಬಿಟ್ಟಳು. ಅಪ್ಪನೇ ಗಾಬರಿಯಿಂದ ಕಣ್ಣರಳಿಸಿ ನನ್ನನ್ನು ನೋಡಿದರು, ಯಾರು ಮಾತಾಡಿದ್ದು ಅನ್ನುವ ಹಾಗೆ.

ಇದನ್ನು ಓದಿದ್ದೇನೆ, ಬೇರೆಯವರಲ್ಲಿ ನೋಡಿದ್ದೇನೆ. ಸಾವಿರ ಸಲ ಆಡಿ ಸವೆದ ಮಾತು ತಲೆಯಲ್ಲಿ ಬೇರೆ ಕಡೆ ಉಳಿದಿರುತ್ತದೆ. ಹಾಡು, ಬೈಗುಳ, ಒಂದು ಎರಡು ಮೂರು. ಅದು ಯೋಚಿಸಿ ಆಡುವ ಮಾತಲ್ಲ, ತಾನಾಗಿ ಉರುಳಿ ಬರುತ್ತದೆ. ಅದರ ಎಳೆ ಹಿಡಿದು ನಿಜವಾದ ಮಾತನ್ನು ಹೊರಗೆಳೆಯಬೇಕು. ಅಪ್ಪನ ಜೊತೆ ಎಣಿಸಿ ನೋಡಿದ್ದೆ, ಹಾಡಿ ನೋಡಿದ್ದೆ, ಏನೂ ಬಂದಿರಲಿಲ್ಲ. ಉಳಿದದ್ದು ಇದೊಂದು ಘೋಷಣೆ. ಅದೂ ಅರ್ಧ. ಮೊದಲರ್ಧ ಯಾರಾದರೂ ಕೂಗಬೇಕು.

ಯಾರು ಕೂಗಬೇಕು? ಇನ್ಯಾರು, ನಾನೇ.

ಜೂನ್ 30

ಕೇಳಿದರೇ ಮೈ ಉರಿಯುತ್ತಿದ್ದ ಘೋಷಣೆ. ಈಗ ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಬಾಯಲ್ಲೇ. ಮೆಲ್ಲಗೆ ಹೇಳಿದರೆ ಅಪ್ಪನಿಂದ ಉತ್ತರವಿಲ್ಲ. ಬೀದಿಯ ಗತ್ತಿನಲ್ಲೇ ಕೂಗಬೇಕು, ಕೈ ಮೇಲೆತ್ತಿ.

"ಯಾರ ಸರ್ಕಾರ?"

"ನಮ್ಮ ಸರ್ಕಾರ!"

ತಿರುಗಿ ನೋಡಿದರೆ ಬಾಗಿಲಲ್ಲಿ ಮೈಕ್ ಮೇಡಂ, ಹಿಂದೆ ಯೂನಿಯನ್ನಿನ ಇಬ್ಬರು. ನನ್ನ ಕೈ ಇನ್ನೂ ಮೇಲೇ ಇತ್ತು.

"ಏನಮ್ಮಾ ಇದು? ಗೇಟಲ್ಲಿ ಒಂದು, ವಾರ್ಡಲ್ಲಿ ಒಂದಾ?"

"ಚಿಕಿತ್ಸೆ ಮೇಡಂ."

"ಯಾರಿಗೆ?"

ವಿವರಿಸಿದೆ. ಮೇಡಂ ಬಿದ್ದು ಬಿದ್ದು ನಕ್ಕರು, ಅಪ್ಪನ ಭುಜ ತಟ್ಟಿದರು. ಹಿಂದಿದ್ದ ಇಬ್ಬರು ನಗಲಿಲ್ಲ. ಸಂಜೆ ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿನಿಂದ ಒಬ್ಬಳು ಎದ್ದು ಹೋದಳು. ಜೊತೆಗೇ ಕೆಲಸ ಕಲಿತವಳು.

ಜುಲೈ 9

ಅಪ್ಪನನ್ನು ಮನೆಗೆ ಕರೆತಂದೆವು. ದಿನಾ ಬೆಳಿಗ್ಗೆ ನನ್ನ ಜೊತೆಗೇ ವಾರ್ಡಿಗೆ ಬರುತ್ತಾರೆ, ಮಧ್ಯಾಹ್ನ ಅಮ್ಮನ ಜೊತೆ ಮನೆಗೆ.

ಘೋಷಣೆಯ ಬಾಲ ಬದಲಾಯಿಸುತ್ತ ಬಂದಿದ್ದೇನೆ. "ಯಾರ ಮನೆ?" "ನಮ್ಮ ಮನೆ." "ಯಾರ ಕುರ್ಚಿ?" "ನಮ್ಮ ಕುರ್ಚಿ." "ಯಾರ ಮಗಳು?" — ಸ್ವಲ್ಪ ತಡೆದು, "ನಮ್ಮ ಮಗಳು." ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಅಮ್ಮ ಬಿಡುತ್ತಾಳೆಯೇ. "ನನ್ನ ಬಗ್ಗೇನೂ ಕೇಳೇ, ಕೇಳು" ಅಂದಳು.

"ಯಾರ ಹೆಂಡ್ತಿ?"

"ನಮ್ಮ ಹೆಂಡ್ತಿ."

"ನಮ್ಮ ಅಂತೆ! ಎಷ್ಟು ಜನಕ್ಕಂತೆ?" ಅಮ್ಮ ನಕ್ಕು ಸುಸ್ತಾದಳು. ಅಪ್ಪನೂ ನಕ್ಕರು, ಅರ್ಧ ಮುಖದಲ್ಲಿ.

ಆದರೆ ನನಗೆ ನಾನೇ ಮೋಸ ಮಾಡಿಕೊಳ್ಳಬಾರದು. ಇದೂ ಮಾತಲ್ಲ. ನಾನು ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಕೇಳದೇ ಇದ್ದದ್ದನ್ನು ಅಪ್ಪ ಹೇಳಬೇಕು. ಒಂದೇ ಒಂದು ಮಾತು ಸಾಕು, ಸ್ವಂತದ್ದು. ಅಲ್ಲಿಯವರೆಗೆ ಅಪ್ಪ ವಾಪಸ್ ಬಂದಿಲ್ಲ.

ಜುಲೈ 14

ಆದೇಶ ಬಂತು. ಈ ತಿಂಗಳ ಕೊನೆಗೆ ವಾರ್ಡ್ ಬಂದ್. ಕಂಪನಿ ಯಾವಾಗ ತೆರೆಯುತ್ತದೆ ಅಂತ ಬರೆದಿಲ್ಲ. ನಮ್ಮನ್ನೆಲ್ಲ ಬೇರೆ ಬೇರೆ ಕಡೆ ಹಾಕುತ್ತಾರಂತೆ. ನನ್ನನ್ನು ದಾಖಲೆ ವಿಭಾಗಕ್ಕೆ!

ಸ್ಟ್ರೋಕ್ ಆದವರಿಗೆ ಮೊದಲ ಕೆಲವು ತಿಂಗಳೇ ಎಲ್ಲ. ಆಗ ಬಾರದ ಮಾತು ಆಮೇಲೆ ಬರುವುದು ಕಷ್ಟ. ಮನೆಯಲ್ಲಿ ಹೇಗೋ ಅಪ್ಪನ ಕೈ ಹಿಡಿದೇನು. ವಾರ್ಡಿನ ಉಳಿದವರು? ಬಾಗಿಲ ಪಕ್ಕದ ಮಂಚದ ಟೈಲರ್, ಹೆಂಡತಿಯ ಹೆಸರು ಹೇಳಲು ಬಾಯಿ ತೆರೆದು ದಿನವೆಲ್ಲ ಒದ್ದಾಡುತ್ತಾನೆ. ಅವನಿಗೆ ಯಾರು?

ಅಪ್ಪನಿಗೆ ಇನ್ನೂ ಹೇಳಿಲ್ಲ.

ಜುಲೈ 18

ಡ್ಯೂಟಿಗೆ ಹೋದ ಕೂಡಲೇ ನರ್ಸ್ ಫೋನ್ ಹಿಡಿದು ಬಂದಳು. "ಅಕ್ಕ, ಇದು ನಿಮ್ಮ ತಂದೆ ಅಲ್ವಾ?"

ವಿಡಿಯೋ. ವೇದಿಕೆ. ವೀಲ್‌ಚೇರಿನಲ್ಲಿ ಅಪ್ಪ, ಕೊರಳಿಗೆ ಪಕ್ಷದ ಶಾಲು. ಪಕ್ಕದಲ್ಲಿ ಎದೆಯುಬ್ಬಿಸಿ ಅಣ್ಣ. ನಿನ್ನೆ ನಾನು ಡ್ಯೂಟಿ ಮುಗಿಸಿ ಬರುವುದು ತಡವಾಗಿತ್ತು. "ಒಂದಿಷ್ಟು ಗಾಳಿಗೆ ಕರ್ಕೊಂಡು ಹೋಗ್ತೀನಿ" ಅಂತ ಅಮ್ಮನಿಗೆ ಹೇಳಿ ಒಯ್ದಿದ್ದಾನೆ.

ಯಾವನೋ ನಾಯಕ ಮೈಕಿನಲ್ಲಿ, "ಈ ಹಿರಿಯರಿಗೆ ಮಾತೆಲ್ಲ ಹೋಗಿದೆ. ಪಕ್ಷ ಮಾತ್ರ ಹೋಗಿಲ್ಲ! ಯಾರ ಸರ್ಕಾರ?"

"ನಮ್ಮ ಸರ್ಕಾರ!"

ಎಂಥ ಚಪ್ಪಾಳೆ! ಎಷ್ಟು ಸ್ಪಷ್ಟವಾಗಿ ಹೇಳಿದರು! ಆ ಸ್ಪಷ್ಟತೆ ತಂದುಕೊಟ್ಟವಳು ನಾನು, ದಿನಾ ಕೈಯೆತ್ತಿ ಕೂಗಿ ಕೂಗಿ.

ಮನೆಗೆ ಬಂದು ಅಣ್ಣನ ಮೇಲೆ ಎಗರಿದೆ. "ಬಾಯಿಲ್ಲದವರನ್ನ ಬೊಂಬೆ ಮಾಡಿ ಆಡಿಸ್ತೀಯಲ್ಲೋ, ನಾಚಿಕೆ ಆಗಲ್ವಾ?"

"ಬೊಂಬೆ ಅಲ್ಲ ಕಣೇ. ಅಪ್ಪ ಎಷ್ಟು ಖುಷಿಯಾಗಿದ್ರು ಗೊತ್ತಾ? ಕಣ್ಣಲ್ಲಿ ನೀರು ಬಂತು ಅವರಿಗೆ. ನೀನು ದಿನಾ ಕೂಗಿಸಿದ್ರೆ ಚಿಕಿತ್ಸೆ, ನಾವು ಒಂದ್ಸಲ ಕೂಗಿಸಿದ್ರೆ ಪಾಪವಾ?"

ಅಪ್ಪ ಅದನ್ನು ಹೇಳಿದರೋ, ಅಥವಾ ಅದು ತಾನಾಗಿ ಬಂತೋ? ಇದನ್ನು ಬಿಡಿಸಿ ಹೇಳಬೇಕಾದವಳು ನಾನು. ನನಗೇ ತಿಳಿಯುತ್ತಿಲ್ಲ.

ಜುಲೈ 19

ಅಪ್ಪನನ್ನೇ ಕೇಳಿದೆ. "ಮನಸ್ಸಿಂದ ಹೇಳಿದ್ರಾ?" "ನಮ್ಮ..." ಅಂದರು. ಮತ್ತೆ "ನಮ್ಮ..." ಆಮೇಲೆ ಗೋಡೆ ಕಡೆ ತಿರುಗಿದರು.

ಜುಲೈ 27, ಸಂಜೆ

ಅಡುಗೆಮನೆ ಹೊಸ್ತಿಲಲ್ಲಿ ಕೂತಿದ್ದೇನೆ. ಈಗಷ್ಟೇ ಆದದ್ದು. ಬರೆಯದಿದ್ದರೆ ತಲೆ ಕೆಡುತ್ತದೆ.

ವಾರ್ಡಿನ ಸಾಮಾನು ಕಟ್ಟಲು ಶುರುವಾಗಿದೆ. ಇವತ್ತು ಟೈಲರನ ಹೆಂಡತಿ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಸಿಟ್ಟು ನೆತ್ತಿಗೇರಿತ್ತು. ಮನೆಗೆ ಬಂದವಳು ಅಪ್ಪನ ಮುಂದೆ ಕೂತು ಎಲ್ಲ ಕಕ್ಕಿದೆ. ರೋಗಿ, ಚಿಕಿತ್ಸೆ ಎಲ್ಲ ಮರೆತು, ಹಿಂದಿನ ಹಾಗೇ.

"ವಾರ್ಡ್ ಮುಚ್ತಿದ್ದಾರೆ ಅಪ್ಪ. ನಿಮ್ಮ ಸರ್ಕಾರ ನಿಮ್ಮ ಬಾಯಿಗೇ ಬೀಗ ಹಾಕ್ತು. ಈಗಲಾದ್ರೂ ಒಪ್ಕೊಳ್ಳಿ, ಅವರು ಮಾಡಿದ್ದು ತಪ್ಪು ಅಂತ!"

ಅಪ್ಪನ ಮುಖ ಕೆಂಪಾಯಿತು. ತುಟಿ ಅದುರಿತು.

"ಅ...ಲ್ಲ."

ನಾನು ಹೇಳಿಕೊಟ್ಟದ್ದಲ್ಲ. ಘೋಷಣೆಯಲ್ಲಿ ಇಲ್ಲದ್ದು. ಕುಣಿಯುವುದೊಂದು ಬಾಕಿ. "ಅಮ್ಮಾ, ಅಪ್ಪ ಅಲ್ಲ ಅಂದ್ರು! ಅಲ್ಲ ಅಂದ್ರು!" ಅಂತ ಕಿರುಚಿದೆ. ಅಪ್ಪ ಎಡಗೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು. ಇನ್ನೂ ಇತ್ತು.

"ಕಾ...ದೆ."

"ಏನಪ್ಪಾ?"

"ನಾನು... ಕಾದೆ. ಆಸ್ಪತ್ರೆ. ಯಾರೂ... ಬರ್ಲಿಲ್ಲ."

ಆವತ್ತಿನ ವಿಷಯ. ಸ್ಟ್ರೋಕ್ ಆದ ದಿನ ಎಮರ್ಜೆನ್ಸಿಗೆ ಒಯ್ದಾಗ ಡ್ಯೂಟಿ ಡಾಕ್ಟರ್ ಜಾಗದಲ್ಲಿರಲಿಲ್ಲ. ಕೌಂಟರಿನಲ್ಲಿ "ಬರ್ತಾರೆ, ಇರಿ" ಅಂದರು. ಅಪ್ಪನನ್ನು ಸ್ಟ್ರೆಚರಿನಲ್ಲಿ ಕಾರಿಡಾರಿನಲ್ಲೇ ಬಿಟ್ಟು ಮಹಡಿ ಮಹಡಿ ಓಡಿದೆ. ಡಾಕ್ಟರನ್ನು ಎಳೆದುಕೊಂಡು ಬರುವಾಗ ಅಪ್ಪನ ಕಣ್ಣು ಮುಚ್ಚಿತ್ತು. ಪ್ರಜ್ಞೆ ಇಲ್ಲ ಅಂದುಕೊಂಡಿದ್ದೆ. ಅದರಿಂದಲೇ ಸ್ವಲ್ಪ ಸಮಾಧಾನವೂ ಇತ್ತು.

"ನಿಮಗೆ... ಗೊತ್ತಾಗ್ತಿತ್ತಾ ಅಪ್ಪ?"

"ಎಲ್ಲ," ಅಂದರು. "ನಗ್...ತಿದ್ರು."

ಕೌಂಟರಿನವರು. ನನ್ನವರು. ನನ್ನ ಜೊತೆ ಗೇಟಿನಲ್ಲಿ ಕೂಗಿದವರು. ತಮ್ಮಷ್ಟಕ್ಕೆ ಏನೋ ಹೇಳಿಕೊಂಡು ನಗುತ್ತಿದ್ದರು, ಪಕ್ಕದಲ್ಲಿ ಅಪ್ಪ ಕರೆಯಲು ಬಾಯಿ ಬಾರದೆ ಮಲಗಿದ್ದರು. ಎಲ್ಲ ಕೇಳಿಸಿಕೊಳ್ಳುತ್ತ.

ಇಷ್ಟು ದಿನ ಇವರ ಎದೆಯಲ್ಲಿ ಇದು ಕೂತಿತ್ತು. ನಾನು "ಯಾರ ಮನೆ, ಯಾರ ಕುರ್ಚಿ" ಅಂತ ಕೇಳುತ್ತಿದ್ದೆ.

ಮಾತು ಬಂತು ಅಂತ ಸಂತೋಷ ಪಡಲೇ? ಬಂದ ಮಾತು ಇದು. ಎದ್ದು ಇಲ್ಲಿಗೆ ಬಂದುಬಿಟ್ಟೆ.

ನನ್ನಲ್ಲಿ ಉತ್ತರ ಇಲ್ಲದೇ ಇಲ್ಲ. ಎಮರ್ಜೆನ್ಸಿಯಲ್ಲಿ ಮೂವರು ಇರಬೇಕಾದ ಕಡೆ ಒಬ್ಬನೇ ಡಾಕ್ಟರ್, ಖಾಲಿ ಜಾಗ ತುಂಬದೇ ಇದ್ದದ್ದು ಇದೇ ಸರ್ಕಾರ. ಕಂಪನಿಯಾಗಿದ್ದರೆ ಬಾಗಿಲಲ್ಲೇ ಇನ್ಶೂರೆನ್ಸ್ ಕಾರ್ಡ್ ಎಲ್ಲಿ ಅನ್ನುತ್ತಿದ್ದರು. ಎಲ್ಲ ನಾಲಿಗೆ ತುದಿಯಲ್ಲಿದೆ. ಗೇಟಿನಲ್ಲಾದರೆ ಕೂಗುತ್ತಿದ್ದೆ. ಕಾರಿಡಾರಿನಲ್ಲಿ ಮಲಗಿದ್ದವರ ಮುಖ ನೋಡಿಕೊಂಡು ಹೇಗೆ ಹೇಳಲಿ? ಆ ನಗು ನಿಜ ತಾನೇ?

ಒಳಗಿಂದ ಮಂಚ ಗುದ್ದುವ ಸದ್ದು. ಅಮ್ಮ, "ಸಾಕು ಬಿಡ್ರೀ, ಬಿಪಿ ಏರುತ್ತೆ. ಮತ್ತೆ ಶುರು ಹಚ್ಕೋಬೇಡಿ" ಅಂತ ಗೋಗರೆಯುತ್ತಿದ್ದಾಳೆ.

"ಹೇ...ಳು." ಅಪ್ಪ. ನನಗೇ. ಬಾಕಿ ಉಳಿದ ಜಗಳ ಕೇಳುತ್ತಿದ್ದಾರೆ.

ಮತ್ತೆ, ಇನ್ನೂ ಜೋರಾಗಿ — "ಹೇಳು!"

ಹೋಗುತ್ತೇನೆ. ಮೊದಲು ಹೇಳಬೇಕಾದದ್ದು, ಅಪ್ಪ, ಆವತ್ತು ಆ ಕೌಂಟರಿನಲ್ಲಿ ನಮ್ಮವರು ನಕ್ಕದ್ದು ತಪ್ಪು. ಆದರೆ—