ಟ್ರೇಲರ್ ಹಿಂದೆ ಒಂದು ದನಿ ಬೇಕು

ಗೋದಾಮಿನ ಸುರಕ್ಷತೆಯ ಭಾರವನ್ನೆಲ್ಲ ಹೆಗಲ ಮೇಲೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ಗೇಟಿನಲ್ಲಿ ನನ್ನ ಮಕ್ತುಮ್ ಮಾವನನ್ನು ತಡೆದಿರಿ. ಅವನನ್ನು ನನಗೆ ಹಿಂದಿರುಗಿಸಿ ಎಂದು ಕೇಳಲು ಈ ಬಹಿರಂಗ ಪತ್ರ.

"ಸರಕು ವಾಹನದ ಚಾಲಕನಿಗೆ ಮಾತ್ರ ಪ್ರವೇಶ. ನಿಮ್ಮ ಸುರಕ್ಷತೆಗಾಗಿ" ಎಂದು ನಿಮ್ಮ ಹೊಸ ಫಲಕ ಸಾರುತ್ತಿದೆ. ಆಹಾ, ಎಂಥ ಘೋಷಣೆ! ಭಾನುವಳ್ಳಿಯಲ್ಲಿ ಭತ್ತದ ಚೀಲಗಳನ್ನು ಗೋಪುರದಂತೆ ಹೇರಿಕೊಂಡು, ಹರಿಹರ ದಾಟಿ ದಾವಣಗೆರೆಗೆ ಬರುವ ಟ್ರ್ಯಾಕ್ಟರ್ ಮೇಲೆ ತಾವು ಎಂದಾದರೂ ಕೂತಿದ್ದೀರಾ? ಹಿಂದೆ ತಿರುಗಿದರೆ ಕಾಣುವುದು ಚೀಲದ ಗೋಡೆ ಮಾತ್ರ. ಅದರಾಚೆ ಎಮ್ಮೆ ನಿಂತಿದೆಯೋ, ಸ್ವತಃ ತಾವೇ ಫೈಲು ಹಿಡಿದು ನಿಂತಿದ್ದೀರೋ, ನನಗೆ ಹೇಗೆ ತಿಳಿಯಬೇಕು? ರಿವರ್ಸ್ ಹೋಗುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಹಿಂಭಾಗ ಬಲಕ್ಕೆ ಹೊರಳುತ್ತದೆ. ಕೊಂಚ ಹೆಚ್ಚಾದರೆ ಮಡಚಿಕೊಂಡು ಎಂಜಿನ್ನಿನ ಪಕ್ಕೆಗೇ ಗುದ್ದುತ್ತದೆ.

ಅದಕ್ಕೇ ನಮ್ಮ ಕಡೆ ಟ್ರೇಲರ್ ಹಿಂದೆ ಒಬ್ಬನಿರುತ್ತಾನೆ. ಊರ ನಾಟಕದಲ್ಲಿ ನಾನು ರಾಜನಾಗಿ ಗರ್ಜಿಸುವಾಗ ಪರದೆಯ ಮರೆಯಿಂದ ಮಾತು ಹೇಳಿಕೊಡುತ್ತಿದ್ದವನು ಈ ಮಕ್ತುಮ್ ಸಾಬ್, ಊರ ವರಸೆಯಲ್ಲಿ ನನಗೆ ಮಾವ. ರಸ್ತೆಯಲ್ಲೂ ಅವನೇ ನನ್ನ ಹಿಂದೆ. ಕೊಂಡಿಯ ಪಿನ್ನು ಗುದ್ದಿ, ಸರಪಳಿ ಜಗ್ಗಿ ನೋಡಿ, "ನಡೀಲಿ ಮಹಾರಾಜರ ಮೆರವಣಿಗಿ!" ಎನ್ನುತ್ತಿದ್ದ. ಆಮೇಲೆ ದಾರಿಯುದ್ದಕ್ಕೂ ಮೊಪೆಡ್ ಮೇಲೆ ಹಿಂಬಾಲಿಸುತ್ತಿದ್ದ. ಚೀಲ ವಾಲಿದರೆ ಹಾರ್ನ್. ಗೋದಾಮಿನಲ್ಲಿ ಕೆಳಗಿಳಿದು, "ಬರ್ಲಿ ಅಳಿಯಾ, ಬರ್ಲಿ, ಸೊಲ್ಪ ಎಡಕ್ಕ... ಬಸ್, ಸಾಕು! ಬಸ್ ಅಂದ್ನಲ್ಲೋ, ಕಿವಿಗೆ ಕಿರೀಟ ಅಡ್ಡ ಬಂತೇನು?"

ಆ ದನಿಯನ್ನು ನಿಮ್ಮ ಕಾವಲುಗಾರ ಗುರುಮೂರ್ತಿ ಗೇಟಿನಲ್ಲೇ ನಿಲ್ಲಿಸಿದ.

"ನಿಮಗ ಪಾಸಿಲ್ರಿ ಸಾಬ್ರೇ, ಹೊರಗ ಕೂಡ್ರಿ."

"ಹಿಂದ ನೋಡೋರು ಬ್ಯಾಡೇನ್ರಿ?"

"ಸಾಹೇಬ್ರು ಕ್ಯಾಮೆರಾ ಹಾಕ್ಸ್ಯಾರ."

ಕ್ಯಾಮೆರಾ ಎಲ್ಲವನ್ನೂ ನೋಡುತ್ತದೆ, ಒಪ್ಪಿದೆ. ಅದು "ಬಸ್" ಎನ್ನುತ್ತದೆಯೇ? ಅಂದು ನಾನೊಬ್ಬನೇ ಹಿಂದಕ್ಕೆ ಸರಿದೆ. ಚೆಲ್ಲಿದ ಕಾಳು ಗುಡಿಸುವ ಬಸವಣ್ಣೆಮ್ಮ ಚೀಲದ ಗೋಡೆಯಾಚೆ ಬಗ್ಗಿದ್ದಳು. "ನಿಲ್ಸಪ್ಪೋ!" ಎಂಬ ಚೀತ್ಕಾರಕ್ಕೆ ಬ್ರೇಕ್ ಒತ್ತಿದೆ. ಅವಳು ಪಕ್ಕಕ್ಕೆ ಹಾರಿ ಪಾರಾದಳು. ಅವಳ ಮೊರ ಚಕ್ರದಡಿ ಚಪ್ಪಟೆಯಾಗಿತ್ತು. ಮುಂದೆ ಬಂದು ಕೇಳಿದಳು:

"ಕಣ್ಣು ಎಲ್ಲಿಟ್ಟಿಯೋ ಯಪ್ಪಾ?"

"ಗೇಟಿನ ಹೊರಗ ಕೂಡ್ಸ್ಯಾರವ್ವ."

ಕೆಲವು ಸಲ ಮಾವ ಆ ಗೇಟಿನ ಬಿಸಿಲಿನಲ್ಲಿ ಕೂತ. ಆಮೇಲೆ, "ನೊಣ ಹೊಡಿಯಾಕ ಅಷ್ಟು ದೂರ ಯಾಕ ಬರ್ಲಿ ಅಳಿಯಾ?" ಎಂದು ಮನೆಯಲ್ಲೇ ಉಳಿದ. ಈಗ ಹರಿಹರದ ಸೇತುವೆಯ ಮೇಲೆ ನನ್ನ ಹಿಂದೆ ಹಾರ್ನ್ ಇಲ್ಲ. ಬೇಸರ ಕಳೆಯಲು ಹಳೆಯ ರಾಜನ ಮಾತುಗಳನ್ನು ಎಂಜಿನ್ನಿನ ಸದ್ದಿಗೂ ಮಿಗಿಲಾಗಿ ಕೂಗುತ್ತೇನೆ. ನಡುವೆ ಮರೆತರೆ ಅಲ್ಲಿಗೇ ಮುಗಿಯಿತು. ಮುಂದಿನ ಮಾತು ಎತ್ತಿಕೊಡುವವರಿಲ್ಲ.

ನನ್ನ ಆಗ್ರಹ ಇಷ್ಟೇ. ಪ್ರತಿ ಟ್ರೇಲರ್ ಜೊತೆ ಹಿಂದೆ ನಿಂತು ನೋಡುವ ಒಬ್ಬನನ್ನು ಒಳಗೆ ಬಿಡಿ. ಅವನಿಗೆ ಹೊಳೆಯುವ ಅಂಗಿ ತೊಡಿಸಿ, ಸೀಟಿ ಕೊಡಿ, ನಿಲ್ಲಲು ಜಾಗ ಗುರುತಿಸಿ. ಅವನು ಹೇಳುವವರೆಗೆ ಚಕ್ರ ಉರುಳಬಾರದೆಂದು ಅದೇ ಫಲಕದಲ್ಲಿ ಬರೆಸಿ. ಆಗದಿದ್ದರೆ ತಾವೇ ದಯಮಾಡಿಸಿ, ನನ್ನ ಹಿಂದೆ ನಿಂತು ಒಮ್ಮೆ "ಬಸ್" ಎನ್ನಿ.

ನಿನ್ನೆ ರಿವರ್ಸ್ ಹಾಕಿದವನು ಅಭ್ಯಾಸಬಲದಿಂದ, "ಮಾವಾ, ಸಾಕಾ?" ಎಂದು ಕೂಗಿಬಿಟ್ಟೆ. ಗೋದಾಮಿನವರೆಲ್ಲ ತಿರುಗಿ ನೋಡಿದರು. ನಾನು ಎಂಜಿನ್ ನಿಲ್ಲಿಸಿದೆ.

ಇಂತಿ,
ಎಂಜಿನ್ ನಿಲ್ಲಿಸಿ ಇನ್ನೂ ಕಿವಿಗೊಟ್ಟು ಕೂತಿರುವ,
ಉಚ್ಚೆಂಗಪ್ಪ, ಭಾನುವಳ್ಳಿ