ಮಾರಣ್ಣನ ಟೆಂಪೋ ನಿಲ್ಲಿಸಿ

ತಂಬ್ರಹಳ್ಳಿ
ಬುಧವಾರ, 12-5-1999

ಯಜಮಾನರಿಗೆ ನಮಸ್ಕಾರ.

ಜಗಳ ಮಾಡಿಕೊಂಡು ತವರಿಗೆ ಹೋದವಳು ತಾನಾಗಿಯೇ ಕಾಗದ ಬರೆದಳು ಎಂದು ಮೀಸೆ ತಿರುವಬೇಡಿ. ಹೋದ ತಿಂಗಳು ನಿಮ್ಮ ಗ್ಯಾರೇಜಿನಲ್ಲಿ ನೀವು ಇಂಜಿನ್ ಬಿಚ್ಚಿ ಕಟ್ಟಿಕೊಟ್ಟಿರಲ್ಲ, ನನ್ನ ತಮ್ಮ ಸೋಮಪ್ಪನ ಟೆಂಪೋ, ಅದು ಇವತ್ತು ಬೆಳಿಗ್ಗೆ ಹಗರಿಬೊಮ್ಮನಹಳ್ಳಿ ದಾರಿಯಲ್ಲಿ ಒಡೆದುಹೋಯಿತು. ಕೆಟ್ಟು ನಿಂತಿದ್ದಲ್ಲ ರೀ, ಒಡೆದದ್ದು! ಕನೆಕ್ಟಿಂಗ್ ರಾಡು ಇಂಜಿನ್ನಿನ ಹೊಟ್ಟೆ ಸೀಳಿಕೊಂಡು ಹೊರಗೆ ಬಂತು. ಕಾದ ಆಯಿಲ್ ಬಿದ್ದು ಸೋಮಪ್ಪನ ಎಡಗಾಲಿನ ಚರ್ಮ ಸುಲಿದಿದೆ. ಪುಣ್ಯಕ್ಕೆ ಗಾಡಿಯಲ್ಲಿ ಅವನೊಬ್ಬನೇ ಇದ್ದ.

ಮುರಿದದ್ದು ಆ ರಾಡಿನ ಬೋಲ್ಟು. ಅವನು ಹೊಸ ಬೋಲ್ಟು ತಂದುಕೊಟ್ಟರೂ "ಇದು ಕಂಪನಿಯಿಂದ ಬಂದ ಉಕ್ಕು, ಈಗಿನ ಮಾಲು ಇದರ ಮುಂದ ಏನಲೇ" ಎಂದು ನೀವು ಹಳೆಯವನ್ನೇ ಸೀಮೆಎಣ್ಣೆಯಲ್ಲಿ ತೊಳೆದು, ಬೋಲ್ಟು ತಿರುಗಿಸುವ ಪಾನಾಕ್ಕೆ ಪೈಪು ಸಿಕ್ಕಿಸಿ ಬಿಗಿದಿರಂತೆ. ಹೊಸವು ಗಾಡಿಯಲ್ಲೇ ಇದ್ದವು. ಅವುಗಳಲ್ಲೊಂದನ್ನೂ, ಮುರಿಯದೆ ಉಳಿದ ಹಳೆಯದೊಂದನ್ನೂ ರೊಟ್ಟಿ ಹಲಗೆಯ ಮೇಲೆ ಪಕ್ಕಪಕ್ಕ ನಿಲ್ಲಿಸಿ ನೋಡಿದೆ. ಅಯ್ಯೋ ದೇವರೇ, ಹಳೆಯದು ಉದ್ದವಾಗಿದೆ! ನಡು ಸಣ್ಣಗಾಗಿದೆ.

ಗಾಡಿ ನೋಡಲು ಬಂದ ಲೇತ್ ಅಂಗಡಿಯ ಪಾಲಾಕ್ಷಪ್ಪನವರು ಹಣೆ ಹಣೆ ಬಡಿದುಕೊಂಡರು. "ಎಲ್ಲಾ ಬೋಲ್ಟೂ ಹಿಂಗಲ್ಲವ್ವಾ. ಇದು ಬಿಗಿಯುವಾಗ ಜಗ್ಗಿಕೊಂಡು ಹಿಡಿಯಾದು. ಒಮ್ಮಿ ಜಗ್ಗಿದ್ದು ಮತ್ತ ಮೊದಲಿನಂಗ ಆಗಂಗಿಲ್ಲ. ಇಂಜಿನ್ ಬಿಚ್ಚಿದ್ರ ಇದನ್ನ ಒಗದು ಹೊಸಾದೇ ಹಾಕಬೇಕು" ಅಂದರು.

ಕೂಡ್ಲಿಗಿಯ ಮಾರಣ್ಣನ ಟೆಂಪೋಕ್ಕೂ ಮೊನ್ನೆ ಹಳೇ ಬೋಲ್ಟನ್ನೇ ಹಾಕಿದ್ದೀರಂತೆ. ನಾಳೆ ಅದು ಹರಪನಹಳ್ಳಿಗೆ ಮದುವೆ ದಿಬ್ಬಣ ಒಯ್ಯುತ್ತದೆ. ಫೋನು ಮಾಡಿದರೆ ನನ್ನ ದನಿ ಕೇಳಿದ್ದೇ ಇಟ್ಟುಬಿಟ್ಟಿರಿ. ಎಂಥಾ ಹಟ ರೀ ನಿಮ್ಮದು! ಅದಕ್ಕೇ ಕೂಡ್ಲಿಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಓದಿದವರೇ ಹೋಗಿ ಆ ಗಾಡಿ ನಿಲ್ಲಿಸಿ. ನನ್ನ ಮೇಲಿನ ಸಿಟ್ಟು ಆಮೇಲಿರಲಿ.

ನಿಮ್ಮ
ಶಾಂತಕುಮಾರಿ

ವಿ.ಸೂ.: ನೀವು ಇಷ್ಟಕ್ಕೆಲ್ಲ ಕದಲುವವರಲ್ಲ, ನನಗೆ ಗೊತ್ತು. ಮೇಲೆ ಸುಳ್ಳು ಬರೆದೆ. ಸೋಮಪ್ಪ ಒಬ್ಬನೇ ಇರಲಿಲ್ಲ. ನಮ್ಮ ದುರ್ಗಾ ಅವನ ಪಕ್ಕದ ಇಂಜಿನ್ ಮುಚ್ಚಳದ ಮೇಲೆ ಕೂತಿದ್ದಳು. ಬಿದ್ದ ಬಳೆ ಎತ್ತಿಕೊಳ್ಳಲು ಕೆಳಗಿಳಿದಳು, ಅಷ್ಟರಲ್ಲಿ ರಾಡಿನ ಕಬ್ಬಿಣ ಆ ಮುಚ್ಚಳವನ್ನು ತೂತು ಮಾಡಿಕೊಂಡು ಮೇಲೆ ಬಂತು. ಮೈಮೇಲೆ ಒಂದು ಗೀರೂ ಇಲ್ಲ. ಆದರೆ ಬೆಳಿಗ್ಗೆಯಿಂದ ನಿಮ್ಮ ಮಗಳು ಆ ಬಳೆಯನ್ನು ಮುಷ್ಟಿಯಿಂದ ಬಿಟ್ಟಿಲ್ಲ. ನಾಳೆ ಆ ದಿಬ್ಬಣದಲ್ಲೂ ಮಕ್ಕಳಿರುತ್ತಾರೆ.